ಮಾಜಿ ಸೈನಿಕರ ಪೈಲಟ್ ತರಬೇತಿಗೆ ಗಾಲಾ ನಡೆಸುವುದು ಹೇಗೆ: ಮೊದಲ ಲೆಕ್ಕದಿಂದ ಕೊನೆಯ ಪಾವತಿಯವರೆಗೆ

ಅಮೆರಿಕದಲ್ಲಿ ಮಾಜಿ ಸೈನಿಕರ ಪೈಲಟ್ ತರಬೇತಿಗೆ ಹಣ ಕೂಡಿಸುವ ಗಾಲಾಗಳು, ಅಂದರೆ ಟಿಕೆಟ್ ಇಟ್ಟು ನಡೆಸುವ ಔತಣಕೂಟಗಳು, ಸೋಲುವುದು ಆ ಸಂಜೆಯಲ್ಲ. ಹಾಲ್ ತುಂಬಿರುತ್ತದೆ, ಊಟ ರುಚಿಯಾಗಿರುತ್ತದೆ, ಫೋಟೋಗಳೂ ಚೆನ್ನಾಗಿ ಬರುತ್ತವೆ. ಕೆಲವು ತಿಂಗಳು ಕಳೆದು ನೋಡಿದರೆ ಖರ್ಚು ಹೋಗಿ ಉಳಿದದ್ದು ಒಬ್ಬ ವಿದ್ಯಾರ್ಥಿಗೂ ಸಾಲದು. ಇಲ್ಲವೇ ಹಣ ಪಡೆದವರು ಅರ್ಧದಲ್ಲೇ ತರಬೇತಿ ಬಿಟ್ಟಿರುತ್ತಾರೆ. ಎರಡಕ್ಕೂ ಕಾರಣ ಒಂದೇ, ಕೆಲಸದ ಕ್ರಮ ತಲೆಕೆಳಗಾಗಿರುವುದು. ಹಾಲ್ ಬುಕ್ ಮಾಡಿ ಆಮೇಲೆ ಸ್ಕಾಲರ್‌ಶಿಪ್ ನಿಯಮ ಬರೆಯಲು ಕೂರುವುದೆಂದರೆ ಹೆಣ್ಣು-ಗಂಡು ಒಪ್ಪುವ ಮೊದಲೇ ಛತ್ರಕ್ಕೆ ಮುಂಗಡ ಕೊಟ್ಟ ಹಾಗೆ.

ಕನ್ನಡ ಕೂಟದಲ್ಲಿ ಯುಗಾದಿ, ರಾಜ್ಯೋತ್ಸವ ನಡೆಸಿ ಪಳಗಿದವರು ಇಂಥ ಸಮಿತಿಗೆ ಬಂದರೆ ಊಟ, ವೇದಿಕೆ, ಸ್ವಯಂಸೇವಕರ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಎಡವುವುದು ಬೇರೆ ಕಡೆ: ತೆರಿಗೆ ರಸೀದಿ, ವಿಮಾನಯಾನದ ನಿಯಮ, ವಿದ್ಯಾರ್ಥಿಯ ವೈದ್ಯಕೀಯ ಪ್ರಮಾಣಪತ್ರ. ಆದ್ದರಿಂದ ಈ ಬರಹದಲ್ಲಿ ಹೂವಿನ ಅಲಂಕಾರದ ಬಗ್ಗೆ ಒಂದು ಸಾಲೂ ಇಲ್ಲ.

## ಶುರುಮಾಡುವ ಮೊದಲು ಬೇಕಾದದ್ದು

ಹತ್ತರಿಂದ ಹನ್ನೆರಡು ತಿಂಗಳ ಸಮಯ ಇಟ್ಟುಕೊಳ್ಳಿ. ನಾಲ್ಕು ಥರದ ಜನ ಬೇಕೇ ಬೇಕು. ಲೆಕ್ಕ ಬಿಟ್ಟು ಬೇರೆ ಕೆಲಸ ವಹಿಸಿಕೊಳ್ಳದ ಖಜಾಂಚಿ, ಲಾಭರಹಿತ ಸಂಸ್ಥೆಗಳ ತೆರಿಗೆ ಬಲ್ಲ ಒಬ್ಬ ಸಿಪಿಎ (ಪರವಾನಗಿ ಪಡೆದ ಲೆಕ್ಕಿಗ), ಈಗಲೂ ವಿದ್ಯಾರ್ಥಿಗಳ ಜೊತೆ ಹಾರುತ್ತಿರುವ ಒಬ್ಬ ವಿಮಾನ ಬೋಧಕ, ಮತ್ತು ಒಬ್ಬ ಮಾಜಿ ಸೈನಿಕ. ಕೊನೆಯವರನ್ನು ವೇದಿಕೆಯ ಶೋಭೆಗೆಂದು ಸೇರಿಸಿಕೊಳ್ಳಬೇಡಿ. ಅರ್ಜಿ ನಮೂನೆಯ ಕರಡನ್ನು ಮೊದಲು ಓದಬೇಕಾದವರು ಅವರೇ.

ಸಾಧನಗಳ ಪಟ್ಟಿ ಚಿಕ್ಕದು. ಈ ನಿಧಿಗೇ ಮೀಸಲಾದ ಬ್ಯಾಂಕ್ ಖಾತೆ, ಅದಾಗದಿದ್ದರೆ ಪುಸ್ತಕದಲ್ಲಿ ಪ್ರತ್ಯೇಕ ಲೆಕ್ಕ. ಫೋನಿನಲ್ಲೇ ಹರಾಜು ಕೂಗಲು ಒಂದು ಸಾಫ್ಟ್‌ವೇರ್. ಎಲ್ಲರೂ ನೋಡಬಹುದಾದ, ಖಜಾಂಚಿ ಮಾತ್ರ ತಿದ್ದಬಹುದಾದ ಒಂದು ಬಜೆಟ್ ಹಾಳೆ.

## ಹಂತ 1: ಒಬ್ಬ ವಿದ್ಯಾರ್ಥಿಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ

"ಪೈಲಟ್ ಮಾಡಿಸುತ್ತೇವೆ" ಎನ್ನುವುದು ಗುರಿಯಲ್ಲ, ಯಾವ ಲೈಸೆನ್ಸ್ ಎಂದು ಹೇಳಿ. ನನ್ನ ಅಭಿಪ್ರಾಯದಲ್ಲಿ ಸಣ್ಣ ನಿಧಿಗೆ ಸರಿಯಾದ ಗುರಿ ಮೊದಲ ಮೆಟ್ಟಿಲಾದ ಪ್ರೈವೇಟ್ ಪೈಲಟ್ ಲೈಸೆನ್ಸ್. 2001ರ ಸೆಪ್ಟೆಂಬರ್ 11ರ ನಂತರ ಸೇವೆ ಸಲ್ಲಿಸಿದವರಿಗಿರುವ ಜಿಐ ಬಿಲ್ ಎಂಬ ಸರ್ಕಾರಿ ಶಿಕ್ಷಣ ನೆರವು, ಸ್ವತಂತ್ರ ವಿಮಾನ ಶಾಲೆಗಳಲ್ಲಿ ಮುಂದಿನ ಹಂತದ ತರಬೇತಿಗೆ ವಾರ್ಷಿಕ ಮಿತಿಯೊಳಗೆ ಹಣ ಕೊಡುತ್ತದೆ. ಆದರೆ ಅದನ್ನು ಪಡೆಯಲು ಪ್ರೈವೇಟ್ ಪೈಲಟ್ ಲೈಸೆನ್ಸ್ ಮೊದಲೇ ಕೈಯಲ್ಲಿರಬೇಕು. ಅಂಥ ಶಾಲೆಯಲ್ಲಿ ಆ ಮೊದಲ ಲೈಸೆನ್ಸಿನ ಖರ್ಚು ಅಭ್ಯರ್ಥಿಯದ್ದೇ. (ಕಾಲೇಜು ಪದವಿಯ ಭಾಗವಾಗಿ ಹಾರಲು ಕಲಿತರೆ ಲೆಕ್ಕ ಬೇರೆ.) ನಿಮ್ಮ ಹಣ ಈ ಕಂದಕಕ್ಕೆ ಬಿದ್ದರೆ ಅದರ ಹಿಂದೆ ಸರ್ಕಾರದ ಹಣವೂ ಬರುವ ದಾರಿ ತೆರೆಯುತ್ತದೆ. ದಾನಿಗಳ ಮುಂದೆ ಇಡಲು ಇದಕ್ಕಿಂತ ಗಟ್ಟಿ ಮಾತು ಇನ್ನೊಂದಿಲ್ಲ.

ಈಗ ಖರ್ಚು. ಫೆಡರಲ್ ವಿಮಾನಯಾನ ನಿಯಮದ ಭಾಗ 61ರ ಪ್ರಕಾರ ಪ್ರೈವೇಟ್ ಪೈಲಟ್‌ಗೆ ಕನಿಷ್ಠ 40 ಗಂಟೆ ಹಾರಾಟ ಬೇಕು. ನಿಗದಿತ ಪಠ್ಯಕ್ರಮಕ್ಕೆ ಮಾನ್ಯತೆ ಪಡೆದ, ಭಾಗ 141ರ ಶಾಲೆಗಳಲ್ಲಿ 35. ಈ ಕನಿಷ್ಠವನ್ನೇ ಗುಣಿಸಿ ಸ್ಕಾಲರ್‌ಶಿಪ್ ಮೊತ್ತ ನಿಗದಿ ಮಾಡುವುದು ಅತಿ ಸಾಮಾನ್ಯ ತಪ್ಪು. ವಾಸ್ತವದಲ್ಲಿ ಹೆಚ್ಚಿನವರಿಗೆ 60ರಿಂದ 75 ಗಂಟೆ ಹಿಡಿಯುತ್ತದೆ.

ನಿಮ್ಮೂರಿನ ಶಾಲೆಯ ದರ ತೆಗೆದುಕೊಂಡು ಹೀಗೆ ಲೆಕ್ಕ ಹಾಕಿ. ವಿಮಾನಕ್ಕೆ ಇಂಧನ ಸೇರಿ ಗಂಟೆಗೆ 180 ಡಾಲರ್ ಎಂದುಕೊಳ್ಳೋಣ. 65 ಗಂಟೆಗೆ 11,700. ಬೋಧಕರಿಗೆ ಗಂಟೆಗೆ 70ರಂತೆ, ನೆಲದ ಮೇಲಿನ ಪಾಠವೂ ಸೇರಿ 70 ಗಂಟೆಗೆ 4,900. ಲಿಖಿತ ಪರೀಕ್ಷೆಗೆ 175, ಕೊನೆಯ ಹಾರಾಟ ಪರೀಕ್ಷೆ ತೆಗೆದುಕೊಳ್ಳುವ ಪರೀಕ್ಷಕರಿಗೆ 900, ಹೆಡ್‌ಸೆಟ್, ಪುಸ್ತಕ, ವೈದ್ಯಕೀಯ ತಪಾಸಣೆಗೆ 825. ಒಟ್ಟು 18,500. "ತಲಾ 5,000ದಂತೆ ಹತ್ತು ಜನರಿಗೆ" ಎನ್ನುವುದು ಕರಪತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಉಳಿದದ್ದನ್ನು ಹೊಂದಿಸಲಾಗದ ಹತ್ತು ಜನ 20 ಗಂಟೆ ಹಾರಿ ನಿಲ್ಲಿಸುತ್ತಾರೆ. ಮೂವರಿಗೆ ಪೂರ್ತಿ ಕೊಡಿ.

## ಹಂತ 2: ಆಯ್ಕೆಯ ನಿಯಮ ಬರೆಯಿರಿ, ಮೆಡಿಕಲ್ ಮೊದಲಿಗೆ ಇಡಿ

ಈ ಹಂತಕ್ಕೆ ಒಂದು ತಿಂಗಳು ಪೂರ್ತಿ ಕೊಟ್ಟರೂ ನಷ್ಟವಿಲ್ಲ. ಅರ್ಧಕ್ಕೆ ನಿಂತ ತರಬೇತಿಗಳ ಬೇರು ಹೆಚ್ಚಾಗಿ ಇಲ್ಲೇ ಇರುತ್ತದೆ.

ಮೊದಲು ಅರ್ಹತೆ. ಸೇವೆಗೆ ದಾಖಲೆ ಡಿಡಿ 214 ಎಂಬ ಬಿಡುಗಡೆ ಪತ್ರ. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರಬಹುದು. ಅದನ್ನು ಮುಚ್ಚಿ ಕಳಿಸಿ ಎಂದು ನಮೂನೆಯಲ್ಲೇ ಬರೆಯಿರಿ, ಬಂದ ಪ್ರತಿಗಳನ್ನು ಇಮೇಲ್‌ನಲ್ಲಿ ಸಮಿತಿಗೆಲ್ಲ ಹಂಚಬೇಡಿ. ಹಾರಾಟ ಕಲಿಯುವ ಮೊದಲು ಪೌರತ್ವಕ್ಕೆ ದಾಖಲೆ ತೋರಿಸಬೇಕು. ಅಮೆರಿಕದ ಪೌರರಲ್ಲದವರಿಗೆ, ಗ್ರೀನ್ ಕಾರ್ಡ್ ಮೇಲೆ ಸೇನೆಯಲ್ಲಿ ದುಡಿದವರೂ ಸೇರಿ, ಸಾರಿಗೆ ಭದ್ರತಾ ಸಂಸ್ಥೆಯ ಅನುಮತಿ ಬೇಕಾಗುತ್ತದೆ. ಅದಕ್ಕೆ ಸಮಯ ಬಿಡಿ.

ನಂತರ ಮೆಡಿಕಲ್. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಕೊಡುವ ವೈದ್ಯಕೀಯ ಪ್ರಮಾಣಪತ್ರದಲ್ಲಿ ಮೂರು ದರ್ಜೆ. ಪ್ರೈವೇಟ್ ಪೈಲಟ್‌ಗೆ ಮೂರನೆಯದು ಸಾಕು, ಕಮರ್ಷಿಯಲ್ ಕೆಲಸಕ್ಕೆ ಎರಡನೆಯದು, ವಿಮಾನ ಸಂಸ್ಥೆಯ ಕ್ಯಾಪ್ಟನ್‌ಗೆ ಮೊದಲನೆಯದು. ವೃತ್ತಿಯಾಗಿ ಹಾರುವ ಆಸೆಯಿದ್ದವರು ಮುಂದೆ ಬೇಕಾಗುವ ದರ್ಜೆ ತಮಗೆ ಸಿಗುತ್ತದೆಯೇ ಎಂದು ಈಗಲೇ ತಿಳಿದುಕೊಳ್ಳಬೇಕು.

ಮಾಜಿ ಸೈನಿಕರಿಗೆ ಇಲ್ಲೊಂದು ವಿಶೇಷ ಅಪಾಯವಿದೆ. ಅರ್ಜಿಯಲ್ಲಿ ಅಂಗವೈಕಲ್ಯ ಭತ್ಯೆ ಪಡೆಯುತ್ತೀರಾ ಎಂಬ ಪ್ರಶ್ನೆಯಿದೆ. ನಿದ್ರೆಯ ಸಮಸ್ಯೆ, ಆಘಾತಾನಂತರದ ಒತ್ತಡ, ಖಿನ್ನತೆಯ ಮಾತ್ರೆ ಇವನ್ನೆಲ್ಲ ತಿಳಿಸಲೇಬೇಕು. ಮುಚ್ಚಿಟ್ಟರೆ ಫೆಡರಲ್ ಅಪರಾಧ. ಮಾಜಿ ಸೈನಿಕರ ಇಲಾಖೆಯಿಂದ ಭತ್ಯೆ ಪಡೆಯುತ್ತ ಎಫ್‌ಎಎಗೆ ಸರಿಯಾಗಿ ತಿಳಿಸದ ಶಂಕೆಯ ಮೇಲೆ ಸುಮಾರು 4,800 ಪೈಲಟ್‌ಗಳ ದಾಖಲೆ ಪರಿಶೀಲನೆಯಾದ ಸಂಗತಿ 2023ರಲ್ಲಿ ಹೊರಬಂತು. ಹಾಗೆಂದು ಇವುಗಳಲ್ಲಿ ಯಾವುದಿದ್ದರೂ ಬಾಗಿಲು ಮುಚ್ಚಿತು ಎಂದಲ್ಲ. ಎಷ್ಟೋ ಪ್ರಕರಣಗಳಲ್ಲಿ ಹೆಚ್ಚುವರಿ ದಾಖಲೆ ಕೊಟ್ಟರೆ ಪ್ರಮಾಣಪತ್ರ ಸಿಗುತ್ತದೆ, ತಿಂಗಳುಗಳು ಹಿಡಿಯಬಹುದು ಅಷ್ಟೆ.

ಕ್ರಮ ಹೀಗಿರಲಿ. ಅಭ್ಯರ್ಥಿ ಮೊದಲು ವಿಮಾನಯಾನ ವೈದ್ಯರ ಬಳಿ ಬರೀ ಸಲಹೆಗೆ ಹೋಗಲಿ. ಆನ್‌ಲೈನ್ ಅರ್ಜಿಯ ಸಂಖ್ಯೆಯನ್ನು ವೈದ್ಯರ ಕೈಗೆ ಕೊಟ್ಟು ಪರೀಕ್ಷೆ ಶುರುವಾಯಿತೆಂದರೆ ಹಿಂದೆ ಸರಿಯಲು ದಾರಿಯಿಲ್ಲ. ಅರ್ಜಿ ತಿರಸ್ಕೃತವಾದರೆ, ಡ್ರೈವಿಂಗ್ ಲೈಸೆನ್ಸ್ ಆಧಾರದ ಮೇಲೆ ಹಾರಬಹುದಾದ ಸ್ಪೋರ್ಟ್ ಪೈಲಟ್ ಎಂಬ ಕೆಳಹಂತದ ಲೈಸೆನ್ಸಿನ ದಾರಿಯೂ ಮುಚ್ಚಿಹೋಗುತ್ತದೆ. ಆದ್ದರಿಂದ ನಿಯಮ ಹೀಗೆ ಬರೆಯಿರಿ: ಆಯ್ಕೆ ತಾತ್ಕಾಲಿಕ, ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಮೊದಲ ಕಂತು. ಸಲಹೆಯ ಶುಲ್ಕವನ್ನು ನಿಧಿಯಿಂದ ಕೊಟ್ಟರೆ ಇನ್ನೂ ಒಳ್ಳೆಯದು.

ಸಮಿತಿ ಕೇಳಬೇಕಾದದ್ದು "ಪ್ರಮಾಣಪತ್ರ ಇದೆಯೇ, ಯಾವ ದರ್ಜೆ" ಎಂಬುದಷ್ಟೇ. ಕಾಯಿಲೆಯ ಹೆಸರು ನಿಮಗೆ ಬೇಡ. ಪ್ರಬಂಧದ ಪ್ರಶ್ನೆಯಾಗಿ "ಯುದ್ಧದ ನಿಮ್ಮ ಕಷ್ಟದ ಅನುಭವ ಬರೆಯಿರಿ" ಎಂದು ಕೇಳುವವರನ್ನು ನೋಡಿದ್ದೇನೆ. ಅದು ಕ್ರೂರ, ಆಯ್ಕೆಗೆ ನಿರುಪಯೋಗಿ ಕೂಡ. ವಾರಕ್ಕೆ ಎಷ್ಟು ದಿನ ಹಾರಲು ಬಿಡುವಿದೆ, ವಿಮಾನ ನಿಲ್ದಾಣ ಮನೆಯಿಂದ ಎಷ್ಟು ದೂರ, ಯಾವ ಬೋಧಕರ ಜೊತೆ ಮಾತಾಡಿದ್ದೀರಿ ಎಂದು ಕೇಳಿ. ಯಾರು ಮುಗಿಸುತ್ತಾರೆ ಎಂಬುದು ಈ ಉತ್ತರಗಳಲ್ಲಿ ಕಾಣುತ್ತದೆ.

ಅಂಗವಿಕಲರಿಗೆ ಕಲಿಸುವ ಯೋಚನೆಯಿದ್ದರೆ, ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ಜೊತೆಗೂಡಿ ಏಬಲ್ ಫ್ಲೈಟ್ ಸಂಸ್ಥೆ ನಡೆಸುವ ಬೇಸಿಗೆ ತರಬೇತಿಯ ವ್ಯವಸ್ಥೆಯನ್ನು ನೋಡಿ. ವಾರಕ್ಕೊಮ್ಮೆ ಹಾರಿಸಿ ವರ್ಷಗಟ್ಟಲೆ ಎಳೆಯುವುದಕ್ಕಿಂತ ಕೆಲವು ವಾರ ಒಂದೇ ಕಡೆ ಕೂರಿಸಿ ಕಲಿಸುವುದು ಹೆಚ್ಚು ಫಲ ಕೊಡುತ್ತದೆ.

ಕೊನೆಯದಾಗಿ, ಸಮಿತಿ ಸದಸ್ಯರ ಮತ್ತು ದೊಡ್ಡ ದಾನಿಗಳ ಬಂಧುಗಳಿಗೆ ಅರ್ಹತೆ ಇಲ್ಲ ಎಂದು ಬರೆದಿಡಿ. "ಈ 5,000 ನಮ್ಮ ಪಕ್ಕದ ಮನೆಯ ಹುಡುಗನಿಗೇ ಹೋಗಬೇಕು" ಎಂದು ಹೇಳಿ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಇಲ್ಲ. ಆಯ್ಕೆ ಸಂಸ್ಥೆಯ ಕೈಯಲ್ಲೇ ಇರಬೇಕು.

## ಹಂತ 3: ಹಣ ಯಾವ ಸಂಸ್ಥೆಯ ಹೆಸರಲ್ಲಿ ಬರುತ್ತದೆ?

501(ಸಿ)(3), ಅಂದರೆ ದತ್ತಿ ಸಂಸ್ಥೆಯೆಂಬ ತೆರಿಗೆ ಮಾನ್ಯತೆ, ಇಲ್ಲದ ಗೆಳೆಯರ ಬಳಗ ಟಿಕೆಟ್ ಮಾರಿದರೆ ದಾನಿಗೆ ವಿನಾಯಿತಿ ಸಿಗುವುದಿಲ್ಲ. ಹೊಸದಾಗಿ ಅರ್ಜಿ ಹಾಕಲು ಐಆರ್‌ಎಸ್ (ಫೆಡರಲ್ ತೆರಿಗೆ ಇಲಾಖೆ) ಶುಲ್ಕ ಸಣ್ಣ ನಮೂನೆಗೆ 275 ಡಾಲರ್, ಪೂರ್ಣ ನಮೂನೆಗೆ 600. ವರ್ಷದ ಆದಾಯ 50,000 ಮೀರುವ ಅಂದಾಜಿದ್ದರೆ ಸಣ್ಣ ನಮೂನೆ ಬಳಸುವಂತಿಲ್ಲ. ಗಾಲಾ ಮಾಡುವವರು ಇದನ್ನು ಮರೆತು ಸಿಕ್ಕಿಬೀಳುತ್ತಾರೆ. ಮೊದಲ ವರ್ಷ ಈಗಾಗಲೇ ಮಾನ್ಯತೆಯಿರುವ ಸಂಸ್ಥೆಯ ಆಶ್ರಯದಲ್ಲಿ, ಲಿಖಿತ ಒಪ್ಪಂದ ಮಾಡಿಕೊಂಡು ನಡೆಸುವುದು ಜಾಣತನ. ಆ ಸಂಸ್ಥೆಯ ಮಾನ್ಯತೆ ಜೀವಂತವಾಗಿದೆಯೇ ಎಂದು ಐಆರ್‌ಎಸ್‌ನ ಪಟ್ಟಿಯಲ್ಲಿ ನೋಡಿ. ಮೂರು ವರ್ಷ ಸತತವಾಗಿ ವಾರ್ಷಿಕ ವರದಿ ಕೊಡದಿದ್ದರೆ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ.

ದೇಣಿಗೆ ಕೇಳುವ ಮೊದಲು ನೋಂದಾಯಿಸಿಕೊಳ್ಳಬೇಕು ಎಂಬ ಕಾನೂನು ಸುಮಾರು 40 ರಾಜ್ಯಗಳಲ್ಲಿದೆ. ಪಕ್ಕದ ರಾಜ್ಯದವರಿಗೂ ಆಹ್ವಾನ ಕಳಿಸುವುದಾದರೆ ಅಲ್ಲಿಯದನ್ನೂ ವಿಚಾರಿಸಿ.

ನಮ್ಮವರಿರುವ ಸಮಿತಿಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: "ಉಳಿದದ್ದನ್ನು ಊರಿನ ಸೈನಿಕರ ಮಕ್ಕಳಿಗೂ ಕಳಿಸೋಣ." ಆಸೆ ಒಳ್ಳೆಯದೇ. ಆದರೆ ಅಮೆರಿಕದ ಮಾಜಿ ಸೈನಿಕರ ಹಾರಾಟ ತರಬೇತಿಗೆಂದು ಕೇಳಿ ಪಡೆದ ಹಣ ಆ ಉದ್ದೇಶಕ್ಕೇ ಕಟ್ಟುಬಿದ್ದದ್ದು. ಭಾರತದ ಟ್ರಸ್ಟ್ ವಿದೇಶಿ ದೇಣಿಗೆ ಪಡೆಯಲು ಅಲ್ಲಿನ ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿಯಲ್ಲಿ ನೋಂದಣಿ ಅಥವಾ ಪೂರ್ವಾನುಮತಿಯೂ ಬೇಕು. ಅದು ಬೇರೆಯೇ ಯೋಜನೆ, ಬೇರೆಯೇ ಸಂಜೆ.

## ಹಂತ 4: ಬಜೆಟ್ ಬರೆಯಿರಿ, ಊಟದ ಖರ್ಚು ಟಿಕೆಟ್‌ನಲ್ಲೇ ಮುಗಿಯಲಿ

150 ಅತಿಥಿಗಳ ಸಂಜೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಟಿಕೆಟ್ 200 ಡಾಲರ್, ಎಲ್ಲ ಮಾರಾಟವಾದರೆ 30,000. ಖರ್ಚು: ಊಟ-ಪಾನೀಯಕ್ಕೆ ತಲಾ 110ರಂತೆ 16,500, ಜಾಗ, ಕುರ್ಚಿ, ಧ್ವನಿವ್ಯವಸ್ಥೆಗೆ 8,000, ವಿಮೆ ಮತ್ತು ಪರವಾನಗಿಗೆ 1,500, ಹರಾಜು ನಡೆಸುವವರಿಗೆ 2,500, ಮುದ್ರಣ ಮತ್ತು ಕಾರ್ಡ್ ಶುಲ್ಕಕ್ಕೆ 1,500. ಅದೂ 30,000. ಅಂದರೆ ಟಿಕೆಟ್ ಹಣದಿಂದ ವಿದ್ಯಾರ್ಥಿಗೆ ಒಂದು ಬಿಡಿಗಾಸೂ ಇಲ್ಲ.

ಸಮಿತಿಯ ಉತ್ಸಾಹವೆಲ್ಲ ಟಿಕೆಟ್ ಮಾರುವುದಕ್ಕೇ ಖರ್ಚಾಗುತ್ತದೆ, ನಿಧಿ ಹುಟ್ಟುವುದು ಬೇರೆ ಕಡೆ. ಪ್ರಾಯೋಜಕರಿಂದ 20,000, ವೇದಿಕೆಯಿಂದ ನೇರವಾಗಿ ಕೇಳಿ ಪಡೆಯುವ ದೇಣಿಗೆ 25,000, ಹರಾಜಿನಿಂದ 12,000 ಬಂತೆಂದರೆ 57,000. ಮೂವರು ವಿದ್ಯಾರ್ಥಿಗಳ 55,500 ಅಲ್ಲಿಂದ ಹೊರಡಬೇಕು.

ಹಾಲ್‌ಗೆ ಮುಂಗಡ ಕೊಡುವ ಮೊದಲು ಪ್ರಾಯೋಜಕರ ಹಣದಲ್ಲಿ ಅರ್ಧದಷ್ಟಾದರೂ ಲಿಖಿತ ಭರವಸೆಯಾಗಿ ಬಂದಿರಬೇಕು. ಬರದಿದ್ದರೆ ಗಾಲಾ ಬಿಟ್ಟು ಭಾನುವಾರ ಬೆಳಗಿನ ಉಪಾಹಾರ ಕೂಟ ಮಾಡಿ. ಖರ್ಚು ಕಮ್ಮಿ, ವಿಮಾನ ನಿಲ್ದಾಣದ ಜನ ಹೇಗೂ ಆ ಹೊತ್ತಿಗೆ ಅಲ್ಲೇ ಇರುತ್ತಾರೆ. ಬಂದ ಹಣದಲ್ಲಿ ಶೇಕಡಾವಾರು ಕೊಡಿ ಎನ್ನುವ ವೃತ್ತಿಪರ ನಿಧಿ ಸಂಗ್ರಾಹಕರು ಸಿಕ್ಕರೆ ನಯವಾಗಿ ಬೇಡವೆನ್ನಿ. ಆ ವೃತ್ತಿಯ ನೀತಿಸಂಹಿತೆಯೇ ಅದನ್ನು ಒಪ್ಪುವುದಿಲ್ಲ.

## ಹಂತ 5: ದಿನಾಂಕ ಮತ್ತು ಜಾಗ

ನವೆಂಬರ್ 11 ವೆಟರನ್ಸ್ ಡೇ, ಮಾಜಿ ಸೈನಿಕರ ದಿನ, ಆದ್ದರಿಂದ ಎಲ್ಲರೂ ಅದರ ಸುತ್ತಮುತ್ತಲೇ ದಿನ ಹುಡುಕುತ್ತಾರೆ. ನವೆಂಬರ್ 10 ಸೇನೆಯ ವಿಭಾಗವಾದ ಮರೀನ್ ಕೋರ್‌ನ ಹುಟ್ಟುಹಬ್ಬ, ಮರೀನ್‌ಗಳೆಲ್ಲ ತಮ್ಮದೇ ಔತಣದಲ್ಲಿರುತ್ತಾರೆ. ನಿಮ್ಮ ಸ್ವಯಂಸೇವಕರೋ, ರಾಜ್ಯೋತ್ಸವದ ನಾಟಕದ ತಾಲೀಮಿನಲ್ಲಿ. ಜುಲೈ ಕೊನೆಯಲ್ಲಿ ಪೈಲಟ್‌ಗಳು ವಿಸ್ಕಾನ್ಸಿನ್‌ನ ಆಶ್‌ಕಾಶ್ ವಿಮಾನ ಮೇಳಕ್ಕೆ ಹೊರಡುತ್ತಾರೆ. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ನೋಡಿ.

ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಮಾಡುವ ಆಸೆ ಎಲ್ಲರಿಗೂ. ವಿಮಾನದ ರೆಕ್ಕೆಯ ಕೆಳಗೆ ಮೇಜು ಹಾಕಿದರೆ ನೋಟವೇನೋ ಸೊಗಸು, ಆದರೆ ಹ್ಯಾಂಗರ್ ಹಾಲ್ ಅಲ್ಲ. ಫೆಡರಲ್ ಅನುದಾನ ಪಡೆದ ನಿಲ್ದಾಣಗಳಲ್ಲಿ ಹ್ಯಾಂಗರ್ ಇರುವುದು ವಿಮಾನದ ಬಳಕೆಗೆ. ಹ್ಯಾಂಗರ್ ಬಾಡಿಗೆ ಹಿಡಿದವರು "ಬನ್ನಿ" ಎಂದರೆ ಸಾಲದು, ನಿಲ್ದಾಣದ ವ್ಯವಸ್ಥಾಪಕರ ಲಿಖಿತ ಅನುಮತಿ ಬೇಕು. ಜನ ಸೇರುವುದಕ್ಕೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. ಎಷ್ಟು ಜನ, ಎಷ್ಟು ಬಾಗಿಲು, ಒಳಗಿರುವ ವಿಮಾನದ ಇಂಧನ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ದೊಡ್ಡ ಹ್ಯಾಂಗರ್‌ಗಳಲ್ಲಿ ಬೆಂಕಿ ನಂದಿಸಲು ನೊರೆ ಸುರಿಸುವ ವ್ಯವಸ್ಥೆ ಇರಬಹುದು. ಅಡುಗೆಯ ಹೊಗೆ ಅಲ್ಲಿಗೆ ತಾಗದಂತೆ ಒಗ್ಗರಣೆ ಹೊರಗಡೆಯೇ ಆಗಲಿ. ಶೌಚಾಲಯ, ಅಂಗವಿಕಲರಿಗೆ ದಾರಿ, ಕತ್ತಲಲ್ಲಿ ವಿಮಾನ ಓಡಾಡುವ ಜಾಗಕ್ಕೆ ಯಾರೂ ಹೋಗದಂತೆ ಬೇಲಿ, ಕಾಯಲು ಇಬ್ಬರು ಇರಲಿ.

ಎಚ್ಚರಿಕೆಯ ಲಕ್ಷಣ: "ವಿಮೆಯೆಲ್ಲ ನಾವು ನೋಡಿಕೊಳ್ತೀವಿ" ಎಂದು ಜಾಗದವರು ಬಾಯಿಮಾತಲ್ಲಿ ಹೇಳುವುದು. ಕಾರ್ಯಕ್ರಮದ ಹೊಣೆಗಾರಿಕೆ ವಿಮೆ, ಮದ್ಯ ಇದ್ದರೆ ಅದಕ್ಕೆ ಪ್ರತ್ಯೇಕ ವಿಮೆ, ಎರಡರಲ್ಲೂ ನಿಮ್ಮ ಸಂಸ್ಥೆಯ ಮತ್ತು ನಿಲ್ದಾಣದ ಹೆಸರು ಇರುವ ಪ್ರಮಾಣಪತ್ರ ಕೈಗೆ ಬರಬೇಕು.

## ಹಂತ 6: ಟಿಕೆಟ್ ಅಚ್ಚುಹಾಕುವ ಮೊದಲು ರಸೀದಿ ಬರೆಯಿರಿ

200 ಡಾಲರ್ ಟಿಕೆಟ್ ಕೊಂಡವರಿಗೆ ಪೂರ್ತಿ 200ಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅವರು ಪಡೆದ ಊಟ-ಮನರಂಜನೆಯ ಮಾರುಕಟ್ಟೆ ಬೆಲೆಯನ್ನು ಕಳೆಯಬೇಕು. ಆ ಬೆಲೆ 80 ಆದರೆ ವಿನಾಯಿತಿ 120ಕ್ಕೆ. ಹೀಗೆ ಏನಾದರೂ ಕೊಟ್ಟು 75 ಡಾಲರ್‌ಗಿಂತ ಹೆಚ್ಚು ಪಡೆದಾಗ ಈ ವಿವರ ಲಿಖಿತವಾಗಿ ಕೊಡುವುದು ಸಂಸ್ಥೆಯ ಕರ್ತವ್ಯ. ತಪ್ಪಿದರೆ ಪ್ರತಿ ದೇಣಿಗೆಗೆ 10 ಡಾಲರ್, ಒಂದು ಕಾರ್ಯಕ್ರಮಕ್ಕೆ 5,000ದವರೆಗೆ ದಂಡ.

ಬಹಳ ಮಂದಿ ಜಾರುವುದು ಇಲ್ಲಿ: ಊಟವನ್ನು ಹೋಟೆಲ್‌ನವರು ಉಚಿತವಾಗಿ ಕೊಟ್ಟರು, ಹಾಗಾಗಿ ಕಳೆಯುವುದು ಬೇಡ ಎಂದುಕೊಳ್ಳುತ್ತಾರೆ. ನಿಮಗೆಷ್ಟು ಖರ್ಚಾಯಿತು ಎಂಬುದು ಲೆಕ್ಕಕ್ಕಿಲ್ಲ, ಅತಿಥಿಗೆ ಸಿಕ್ಕಿದ್ದರ ಬೆಲೆಯೇ ಲೆಕ್ಕ.

ದಾನಿ-ಸಲಹಾ ನಿಧಿಯ (ದಾನಕ್ಕೆಂದೇ ಮೊದಲೇ ವಿನಾಯಿತಿ ಪಡೆದು ಇಟ್ಟ ಖಾತೆ) ಹಣದಲ್ಲಿ ಯಾರಾದರೂ ಟಿಕೆಟ್ ಕೊಳ್ಳಲು ಬಂದರೆ ಒಪ್ಪಬೇಡಿ. ಅದರಿಂದ ಬರಬಹುದಾದದ್ದು ಊಟವಿಲ್ಲದ ಶುದ್ಧ ದೇಣಿಗೆ ಮಾತ್ರ. ನಮ್ಮ ಸಾಫ್ಟ್‌ವೇರ್ ಬಂಧುಗಳು ಕಂಪನಿಯ ಸಮದೇಣಿಗೆಗೆ (ನೌಕರ ಕೊಟ್ಟಷ್ಟನ್ನು ಕಂಪನಿಯೂ ಕೊಡುವುದು) ಅರ್ಜಿ ಹಾಕುವಾಗಲೂ ಊಟದ ಪಾಲು ಬಿಟ್ಟು ಉಳಿದದ್ದನ್ನೇ ತೋರಿಸಬೇಕು. ಅದಕ್ಕಿಂತ ಸುಲಭದ ದಾರಿ ಇನ್ನೊಂದಿದೆ: ಸ್ವಯಂಸೇವೆಯ ಗಂಟೆಗಳಿಗೆ ಹಣ ಕೊಡುವ ಕಂಪನಿಗಳಿವೆ. ಕುರ್ಚಿ ಜೋಡಿಸಿದ ಸಮಯವನ್ನು ಬರೆದಿಟ್ಟುಕೊಳ್ಳಲು ಎಲ್ಲರಿಗೂ ಮೊದಲೇ ಹೇಳಿ.

## ಹಂತ 7: ಹರಾಜು, ಲಕ್ಕಿ ಡ್ರಾ, ವಿಮಾನ ಸವಾರಿ

ಹರಾಜಿನ ಪಟ್ಟಿಯಲ್ಲಿ ಪ್ರತಿ ವಸ್ತುವಿನ ಮಾರುಕಟ್ಟೆ ಬೆಲೆ ಮುದ್ರಿಸಿ. 600ರ ವಸ್ತುವನ್ನು 900ಕ್ಕೆ ಕೊಂಡವರಿಗೆ 300ಕ್ಕೆ ಮಾತ್ರ ವಿನಾಯಿತಿ. ಕೆಲವು ರಾಜ್ಯಗಳಲ್ಲಿ ಇದರ ಮೇಲೆ ಮಾರಾಟ ತೆರಿಗೆಯೂ ಬೀಳುತ್ತದೆ. ತನ್ನ ರಜಾಮನೆಯನ್ನು ಒಂದು ವಾರ ಬಿಟ್ಟುಕೊಟ್ಟವರಿಗೆ, ಭರತನಾಟ್ಯ ಪಾಠವನ್ನೋ ಫೋಟೋ ತೆಗೆಯುವ ಸೇವೆಯನ್ನೋ ದಾನ ಮಾಡಿದವರಿಗೆ ವಿನಾಯಿತಿ ಸಿಗುವುದಿಲ್ಲ. ಮೊದಲೇ ಹೇಳಿಬಿಡಿ, ತೆರಿಗೆ ವಿವರ ಸಲ್ಲಿಸುವ ಏಪ್ರಿಲ್‌ನಲ್ಲಿ ಮುಖ ಕಹಿಯಾಗುವುದು ತಪ್ಪುತ್ತದೆ.

"ಇಟಲಿ ಪ್ರವಾಸ, ನಿಮಗೇನೂ ಖರ್ಚಿಲ್ಲ" ಎಂದು ಪ್ಯಾಕೇಜ್ ಕೊಡುವ ಕಂಪನಿಗಳು ಬರುತ್ತವೆ. ಮಾರಾಟವಾದರೆ ಮೂಲ ಬೆಲೆ ಅವರಿಗೆ, ಅದರ ಮೇಲಿನದ್ದು ಮಾತ್ರ ನಿಮಗೆ. ಅತಿಥಿಯ ಜೇಬಿನಿಂದ 4,000 ಹೋಗಿ ನಿಧಿಗೆ 500 ಬಂದರೆ, ಆ ಅತಿಥಿ ನೇರ ದೇಣಿಗೆಯ ಹೊತ್ತಿಗೆ ಕೈ ಎತ್ತುವುದಿಲ್ಲ.

ಲಕ್ಕಿ ಡ್ರಾ ಕಾನೂನಿನ ಕಣ್ಣಿಗೆ ಜೂಜು. ಯೂಟಾ, ಹವಾಯಿಗಳಲ್ಲಿ ನಡೆಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಟಾರ್ನಿ ಜನರಲ್ ಬಳಿ ಮೊದಲೇ ನೋಂದಾಯಿಸಬೇಕು, ಬಂದ ಹಣದಲ್ಲಿ ಶೇ 90ರಷ್ಟು ಸೇವಾಕಾರ್ಯಕ್ಕೇ ಹೋಗಬೇಕು. ಡ್ರಾ ಟಿಕೆಟ್‌ಗೆ ತೆರಿಗೆ ವಿನಾಯಿತಿ ಎಲ್ಲಿಯೂ ಇಲ್ಲ.

ಈಗ ಎಲ್ಲರ ಮೆಚ್ಚಿನ ಐಟಂ: "ಸೂರ್ಯಾಸ್ತದ ವಿಮಾನ ಸವಾರಿ, ನಮ್ಮ ಗೆಳೆಯರೇ ಪೈಲಟ್." ನಿಲ್ಲಿ. ಪ್ರೈವೇಟ್ ಪೈಲಟ್ ಹಣ ಪಡೆದು ಜನರನ್ನು ಹಾರಿಸುವಂತಿಲ್ಲ. ಸೇವಾ ಕಾರ್ಯಕ್ರಮಕ್ಕೆ ಒಂದು ಕಿರಿದಾದ ರಿಯಾಯಿತಿ ಫೆಡರಲ್ ನಿಯಮ 91.146ರಲ್ಲಿದೆ. ಅದರ ಷರತ್ತುಗಳಲ್ಲಿ ಮುಖ್ಯವಾದವು ಇವು. ಪ್ರೈವೇಟ್ ಪೈಲಟ್ ಆದರೆ ಕನಿಷ್ಠ 500 ಗಂಟೆ ಹಾರಿರಬೇಕು. ಹಗಲಿನಲ್ಲಿ, ಹೊರಗೆ ನೋಡಿಕೊಂಡೇ ಹಾರಬಹುದಾದ ತಿಳಿ ಹವಾಮಾನದಲ್ಲಿ ಮಾತ್ರ. ಹೊರಟ ನಿಲ್ದಾಣಕ್ಕೇ ಎಲ್ಲೂ ಇಳಿಯದೆ ಮರಳಬೇಕು, ಅಲ್ಲಿಂದ 25 ಮೈಲಿ ದೂರ ದಾಟುವಂತಿಲ್ಲ. ಒಂದು ಕಾರ್ಯಕ್ರಮ ಸತತ ಮೂರು ದಿನ ಮೀರಬಾರದು, ವರ್ಷಕ್ಕೆ ಇಂಥವು ನಾಲ್ಕೇ. ಎಫ್‌ಎಎಯ ಸ್ಥಳೀಯ ಕಚೇರಿಗೆ ಕನಿಷ್ಠ ಏಳು ದಿನ ಮುಂಚೆ ಪತ್ರ ಕೊಟ್ಟಿರಬೇಕು. "ಯಾವಾಗ ಬೇಕಾದರೂ ಹಾರಿ" ಎಂಬ ಕೂಪನ್ ಈ ಚೌಕಟ್ಟಿಗೆ ಹೊಂದುವುದು ಕಷ್ಟ. ವಿಮಾನದ ವಿಮೆ ಇದನ್ನು ಒಪ್ಪುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಸುಲಭದ ದಾರಿ, ಸ್ಥಳೀಯ ವಿಮಾನ ಶಾಲೆಯಿಂದ ಪರಿಚಯ ಪಾಠದ ಉಡುಗೊರೆ ಪತ್ರ ಪಡೆದು ಅದನ್ನು ಹರಾಜಿಗಿಡುವುದು.

## ಹಂತ 8: ಸಂಜೆಯ ಕ್ರಮ

ಅತಿಥಿ ಬಾಗಿಲಲ್ಲೇ ಕಾರ್ಡ್ ನೋಂದಾಯಿಸಲಿ. ಕೊನೆಯಲ್ಲಿ ಉದ್ದ ಸಾಲು ನಿಂತರೆ ಹರಾಜು ಕೂಗಿದವರು ಹಣ ಕೊಡದೆ ಹೊರಟುಬಿಡುತ್ತಾರೆ.

ಸೇನೆಯ ಧ್ವಜ ಪಥಕ ಬೇಕಿದ್ದರೆ ರಕ್ಷಣಾ ಇಲಾಖೆಯ ಡಿಡಿ 2536 ನಮೂನೆಯಲ್ಲಿ ತಿಂಗಳುಗಳ ಮೊದಲೇ ಕೇಳಿ. ಹಣ ಸಂಗ್ರಹದ ಕಾರ್ಯಕ್ರಮಗಳಿಗೆ ನಿರ್ಬಂಧಗಳಿವೆ, ಸಿಗದಿದ್ದರೆ ಸ್ಥಳೀಯ ಮಾಜಿ ಸೈನಿಕರ ಸಂಘವನ್ನು ಕೇಳಿ. ಹಾಲಿ ಸೇವೆಯಲ್ಲಿರುವವರನ್ನು ಸಮವಸ್ತ್ರದಲ್ಲಿ ನಿಲ್ಲಿಸಿ ದೇಣಿಗೆ ಕೇಳಿಸಬೇಡಿ. ಮರಳಿ ಬಾರದವರ ನೆನಪಿನ ಪುಟ್ಟ ಮೇಜನ್ನು (ಬಿಳಿ ಬಟ್ಟೆ, ಕೆಂಪು ಗುಲಾಬಿ, ನಿಂಬೆ ಹೋಳು, ಉಪ್ಪು, ಬೋರಲು ಲೋಟ, ಖಾಲಿ ಕುರ್ಚಿ) ಇಡುವುದಾದರೆ ಅದರ ಪಕ್ಕ ಹರಾಜಿನ ಬುಟ್ಟಿಗಳನ್ನು ಜೋಡಿಸಬೇಡಿ. ಮಕ್ಕಳು ಆ ಕುರ್ಚಿಯಲ್ಲಿ ಕೂರದಂತೆ ಒಬ್ಬರು ನೋಡಿಕೊಳ್ಳಲಿ. ಪಟಾಕಿ, ಬಲೂನು ಒಡೆಯುವ ಆಟ, ಕಣ್ಣು ಕುಕ್ಕುವ ಮಿನುಗು ದೀಪ ಬೇಡ.

ಭಾಷಣಗಳನ್ನು ಮೊಟಕುಗೊಳಿಸಿ. ಅಧ್ಯಕ್ಷರು, ಉಪಾಧ್ಯಕ್ಷರು, ಹಿಂದಿನ ಅಧ್ಯಕ್ಷರು ಎಂದು ಸಾಲಾಗಿ ಮಾತಾಡಿಸಿದರೆ ನೇರ ದೇಣಿಗೆಯ ಹೊತ್ತಿಗೆ ಅರ್ಧ ಹಾಲ್ ಖಾಲಿ. (ಶಾಲು, ಹಾರ, ಸ್ಮರಣಿಕೆಗಳ ಚಟವನ್ನು ಈ ಒಂದು ಸಂಜೆಗಾದರೂ ಮನೆಯಲ್ಲೇ ಬಿಟ್ಟು ಬನ್ನಿ.) ಹಿಂದಿನ ವರ್ಷದ ವಿದ್ಯಾರ್ಥಿಯಿದ್ದರೆ ಅವರು ನಾಲ್ಕು ನಿಮಿಷ ಮಾತಾಡಲಿ. ಯುದ್ಧದ ಬಗ್ಗೆ ಅಲ್ಲ, ಮೊದಲ ಬಾರಿ ಒಬ್ಬರೇ ಹಾರಿದ ದಿನದ ಬಗ್ಗೆ.

ಆ ಮಾತು ಮುಗಿದ ಕೂಡಲೇ, ಸಿಹಿ ಬಡಿಸುವ ಮೊದಲು, ನೇರ ದೇಣಿಗೆ. ದೊಡ್ಡ ಮೊತ್ತದಿಂದ ಕೆಳಗೆ ಬನ್ನಿ: 5,000, 2,500, 1,000, 500, 250, 100. ಮೇಲಿನ ಎರಡು ಮೊತ್ತಕ್ಕೆ ಕೈ ಎತ್ತುವವರು ಯಾರೆಂದು ಹಿಂದಿನ ವಾರವೇ ಮಾತಾಗಿರಬೇಕು. ಮೊದಲ ಕೂಗಿಗೆ ಮೌನ ಬಿದ್ದರೆ ಆ ಮೌನ ಕೊನೆಯವರೆಗೂ ಇರುತ್ತದೆ. ಪ್ರತಿ ಮೊತ್ತಕ್ಕೂ ಅರ್ಥ ಕೊಡಿ. ಹಂತ 1ರ ಲೆಕ್ಕದಲ್ಲಿ ಬೋಧಕರೊಂದಿಗೆ ಒಂದು ಗಂಟೆಯ ಹಾರಾಟ 250 ಡಾಲರ್, ಅದನ್ನೇ ಹೇಳಿ. ಕೈ ಎತ್ತಿದವರ ಸಂಖ್ಯೆಯನ್ನು ಇಬ್ಬರು ಬೇರೆಬೇರೆಯಾಗಿ ಬರೆದುಕೊಳ್ಳಲಿ. ಈ ದೇಣಿಗೆಗೆ ಪ್ರತಿಯಾಗಿ ಏನೂ ಕೊಡದಿರುವುದರಿಂದ ರಸೀದಿಯಲ್ಲಿ ಏನನ್ನೂ ಕಳೆಯಬೇಕಿಲ್ಲ.

## ಹಂತ 9: ಮರುದಿನದಿಂದ ಲೈಸೆನ್ಸ್ ಕೈಗೆ ಬರುವವರೆಗೆ

250 ಡಾಲರ್ ಮತ್ತು ಅದಕ್ಕಿಂತ ಹೆಚ್ಚಿನ ದೇಣಿಗೆಗೆ ಲಿಖಿತ ಸ್ವೀಕೃತಿ ಇಲ್ಲದೆ ದಾನಿ ವಿನಾಯಿತಿ ಕೇಳುವಂತಿಲ್ಲ. ಎರಡು ವಾರದೊಳಗೆ ಕಳಿಸಿ. ಇಂಥ ಕಾರ್ಯಕ್ರಮಗಳಿಂದ ಬಂದದ್ದು 15,000 ಮೀರಿದರೆ ಐಆರ್‌ಎಸ್‌ಗೆ ವಾರ್ಷಿಕ ವರದಿಯಾಗಿ ಪೂರ್ಣ ಫಾರ್ಮ್ 990 ಸಲ್ಲಿಸುವ ಸಂಸ್ಥೆ ಅದರ ಜೊತೆ ಶೆಡ್ಯೂಲ್ ಜಿ ಎಂಬ ಅನುಬಂಧ ತುಂಬಬೇಕು. ಟಿಕೆಟ್‌ನಲ್ಲಿ ಊಟದ ಪಾಲು, ದೇಣಿಗೆಯ ಪಾಲು ಬೇರೆಬೇರೆ ಕೇಳುತ್ತಾರೆ, ಹಂತ 6ರಲ್ಲಿ ಅಂಕಿ ಇಟ್ಟುಕೊಂಡಿದ್ದರೆ ಆಗ ಪರದಾಟವಿಲ್ಲ.

ಈಗ ಪಾವತಿ. ವಿಮಾನ ಶಾಲೆಗೆ ಪೂರ್ತಿ ಹಣ ಒಮ್ಮೆಗೇ ಎಂದೂ ಕೊಡಬೇಡಿ, "ಮುಂಗಡ ಕೊಟ್ಟರೆ ಶೇ 10 ರಿಯಾಯಿತಿ" ಎಂದರೂ ಸರಿ. ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಎಂಬ ದೊಡ್ಡ ತರಬೇತಿ ಕಂಪನಿ 2008ರ ಫೆಬ್ರವರಿಯಲ್ಲಿ ದಿವಾಳಿಯಾದಾಗ ಪೂರ್ತಿ ಶುಲ್ಕಕ್ಕೆ ಸಾಲ ತೆಗೆದಿದ್ದ ವಿದ್ಯಾರ್ಥಿಗಳು ತರಬೇತಿಯೂ ಇಲ್ಲದೆ ಸಾಲ ಹೊತ್ತು ಉಳಿದರು. ಹವ್ಯಾಸಿ ವಿಮಾನಯಾನಿಗಳ ಸಂಘವಾದ ಇಎಎಯ ರೇ ಸ್ಕಾಲರ್‌ಶಿಪ್‌ನಲ್ಲಿ ಹಣ ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಿ. ಮೊದಲ ಕಂತು ಒಬ್ಬರೇ ಹಾರುವವರೆಗೆ, ಎರಡನೆಯದು ಲಿಖಿತ ಪರೀಕ್ಷೆ ಪಾಸಾದ ಮೇಲೆ, ಮೂರನೆಯದು ಅಂತಿಮ ಪರೀಕ್ಷೆಯ ತಯಾರಿಗೆ. ಪರೀಕ್ಷಕರ ಶುಲ್ಕವನ್ನು ಕೊನೆಯವರೆಗೂ ಮುಟ್ಟದೆ ಇಡಿ. ಚೆಕ್ ಶಾಲೆಯ ಹೆಸರಿಗೆ, ಬಿಲ್ ನೋಡಿದ ಮೇಲೆ.

ಪದವಿಗೆ ಸಂಬಂಧಿಸದ ವಿಮಾನ ಶಾಲೆಯಲ್ಲಿ ಕಲಿಯುವವರಿಗೆ ಈ ಹಣ ತೆರಿಗೆಗೆ ಒಳಪಡುವ ಆದಾಯ ಆಗಬಹುದು. ಆಯ್ಕೆ ಪತ್ರದಲ್ಲೇ ಅದನ್ನು ಬರೆದು, ತೆರಿಗೆ ಸಲಹೆಗಾರರನ್ನು ಕಾಣಲು ಹೇಳಿ.

ಪ್ರತಿ ವಿದ್ಯಾರ್ಥಿಗೂ ಸಮಿತಿಯಿಂದ ಒಬ್ಬ ಪೈಲಟ್ ಜೊತೆಗಾರರಾಗಿರಲಿ, ತಿಂಗಳಿಗೊಮ್ಮೆ ಫೋನ್ ಮಾಡಿ ಲಾಗ್‌ಬುಕ್ (ಹಾರಾಟದ ದಾಖಲೆ ಪುಸ್ತಕ) ವಿಚಾರಿಸಲಿ. ವಾರಕ್ಕೆ ಎರಡು-ಮೂರು ಹಾರಾಟ ಸರಿಯಾದ ವೇಗ. ಮೂರು ವಾರ ಹಾರಾಟವೇ ಇಲ್ಲದಿದ್ದರೆ, 30 ಗಂಟೆ ದಾಟಿದರೂ ಲಿಖಿತ ಪರೀಕ್ಷೆ ಬರೆದಿಲ್ಲದಿದ್ದರೆ, ಬೋಧಕರು ಎರಡನೇ ಸಲ ಬದಲಾದರೆ, ಶಾಲೆಯ ಒಂದೇ ವಿಮಾನ ರಿಪೇರಿಯಲ್ಲಿ ಕೂತಿದ್ದರೆ ಆ ತಿಂಗಳೇ ಕೈಹಾಕಿ. ಹೆಚ್ಚಿನವಕ್ಕೆ ಪರಿಹಾರ ಹಣವಲ್ಲ, ಇನ್ನೊಬ್ಬ ಬೋಧಕರ ಫೋನ್ ನಂಬರು. ಲಿಖಿತ ಪರೀಕ್ಷೆಯ ಫಲಿತಾಂಶ 24 ತಿಂಗಳು ಮಾತ್ರ ಊರ್ಜಿತ. ಪರೀಕ್ಷಕರ ದಿನಾಂಕ ಸಿಗುವುದು ಅನೇಕ ಕಡೆ ವಾರಗಟ್ಟಲೆ ತಡವಾಗುವುದರಿಂದ ಸುಮಾರು 45 ಗಂಟೆ ಆಗುತ್ತಿದ್ದಂತೆಯೇ ಅದನ್ನು ಕಾಯ್ದಿರಿಸಲು ನೆನಪಿಸಿ.

ಯಾರಾದರೂ ಬಿಟ್ಟರೆ ಉಳಿದ ಕಂತು ಎಲ್ಲಿಗೆ ಹೋಗುತ್ತದೆ ಎಂಬುದು ಹಂತ 2ರ ನಿಯಮದಲ್ಲೇ ಇರಬೇಕು: ಪಟ್ಟಿಯಲ್ಲಿ ಮುಂದಿನವರಿಗೆ. ಮುಂದಿನ ಗಾಲಾದ ಆಹ್ವಾನ ಪತ್ರ ಬರೆಯುವ ಮುನ್ನ ಎಷ್ಟು ಜನಕ್ಕೆ ಕೊಟ್ಟಿರಿ, ಎಷ್ಟು ಜನ ಲೈಸೆನ್ಸ್ ಪಡೆದರು, ಎಷ್ಟು ಹಣ ಖಾತೆಯಲ್ಲಿ ಉಳಿದಿದೆ ಎಂಬ ಮೂರು ಅಂಕಿಗಳನ್ನು ಹಳೆಯ ದಾನಿಗಳಿಗೆ ಕಳಿಸಿ. ಎರಡನೆಯ ಅಂಕಿ ಸೊನ್ನೆಯಾಗಿದ್ದರೆ ಆ ವರ್ಷ ಹಾಲ್ ಬುಕ್ ಮಾಡಬೇಡಿ, ಇರುವ ವಿದ್ಯಾರ್ಥಿಗಳನ್ನು ಮೊದಲು ದಡ ಸೇರಿಸಿ.